ಕಂಪ್ಯೂಟರಿಗೆ ಕನ್ನ ಬಿದ್ದರೆ ಸರ್ಕಾರಕ್ಕೇಕೆ ಹೇಳಬೇಕು?

2015ರ ಜನವರಿಯಲ್ಲಿ ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಬ್ಯಾಂಕೊ ಡೆಲ್ ಆಸ್ಟ್ರೊ ಎಂಬ ಬ್ಯಾಂಕಿನಿಂದ ಸುಮಾರು ಹತ್ತು ದಿನಗಳಲ್ಲಿ 1.2 ಕೋಟಿ ಡಾಲರ್ ಹೊರಗೆ ಹರಿದುಹೋಯಿತು. ಬೀಗ ಒಡೆದವರಿಲ್ಲ, ಚೆಕ್ಕಿಗೆ ಸುಳ್ಳು ಸಹಿ ಹಾಕಿದವರಿಲ್ಲ. ಕಳ್ಳರು ಸಿಬ್ಬಂದಿಯ ಲಾಗಿನ್ ಕದ್ದು, ಬ್ಯಾಂಕುಗಳು ಪರಸ್ಪರ ಹಣ ಕಳಿಸಲು ಬಳಸುವ ಸ್ವಿಫ್ಟ್ ಸಂದೇಶ ಜಾಲದಲ್ಲಿ ಆ ಬ್ಯಾಂಕಿನ ಹೆಸರಿನಲ್ಲೇ ಆದೇಶ ಹೊರಡಿಸಿದ್ದರು. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್ ಆ ಆದೇಶಗಳನ್ನು ನಂಬಿ ದುಡ್ಡು ರವಾನಿಸಿತು. ಆಮೇಲೆ ಎರಡೂ ಬ್ಯಾಂಕುಗಳು ತಪ್ಪು ಯಾರದೆಂದು ನ್ಯೂಯಾರ್ಕಿನ ಕೋರ್ಟಿನಲ್ಲಿ ಕಿತ್ತಾಡಿದವು. ಆದರೆ ಸ್ವಿಫ್ಟ್ ಸಂಸ್ಥೆಗೆ ಇಬ್ಬರೂ ಒಂದು ಮಾತು ಹೇಳಲಿಲ್ಲ.

ಅದೇ ವರ್ಷದ ಕೊನೆಯಲ್ಲಿ ವಿಯೆಟ್ನಾಮಿನ ಟಿಪಿ ಬ್ಯಾಂಕಿನಲ್ಲಿ ಹತ್ತು ಲಕ್ಷ ಯೂರೊಗಿಂತ ಹೆಚ್ಚು ಹಣ ಹೊರಸಾಗಿಸುವ ಯತ್ನ ನಡೆಯಿತು. ಬ್ಯಾಂಕಿನವರು ಸಮಯಕ್ಕೆ ಸರಿಯಾಗಿ ಗಮನಿಸಿ ತಡೆದರು. ಅದಕ್ಕೆ ಬಳಸಿದ್ದ ಕುತಂತ್ರಾಂಶ ಪಿಡಿಎಫ್ ಓದುವ ಸಾಫ್ಟ್‌ವೇರಿನ ವೇಷ ಹಾಕಿಕೊಂಡು, ಸ್ವಿಫ್ಟ್ ಸ್ಟೇಟ್‌ಮೆಂಟಿನಲ್ಲಿ ಕಳ್ಳ ವ್ಯವಹಾರದ ಸಾಲುಗಳು ಕಾಣದಂತೆ ಮಾಡುತ್ತಿತ್ತು. ಈ ಸುದ್ದಿಯೂ ಹೊರಗೆ ಬರಲಿಲ್ಲ.

ಇನ್ನು ಢಾಕಾ. 2016ರ ಫೆಬ್ರವರಿ 4, ಗುರುವಾರ ರಾತ್ರಿ. ಬಾಂಗ್ಲಾದೇಶದಲ್ಲಿ ಶುಕ್ರವಾರ ವಾರದ ರಜೆ. ಅಲ್ಲಿನ ಕೇಂದ್ರ ಬ್ಯಾಂಕಿನ ಹೆಸರಿನಲ್ಲಿ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ 35 ಆದೇಶಗಳು ಹೋದವು, ಒಟ್ಟು ಮೊತ್ತ 95.1 ಕೋಟಿ ಡಾಲರ್. ರಜೆಯಿದ್ದರೂ ಮರುದಿನ ಬೆಳಿಗ್ಗೆ ಕಚೇರಿಗೆ ಬಂದವರಿಗೆ ಕಂಡದ್ದು ಇಷ್ಟೆ: ಸ್ವಿಫ್ಟ್ ಸಂದೇಶಗಳನ್ನು ತಾನಾಗಿಯೇ ಮುದ್ರಿಸಬೇಕಿದ್ದ ಪ್ರಿಂಟರ್ ಕೆಲಸ ಮಾಡುತ್ತಿಲ್ಲ, ಟ್ರೇ ಖಾಲಿ. ಪ್ರಿಂಟರ್ ಕೆಡುವುದು ಯಾವ ಕಚೇರಿಯಲ್ಲಿ ಹೊಸದು? ನಾಳೆ ನೋಡೋಣ ಎಂದುಕೊಂಡರು. ಅದು ಕೆಟ್ಟಿರಲಿಲ್ಲ, ಕೆಡಿಸಿದ್ದರು. ಅದು ಸರಿಹೋಗಿ ಕಾಗದ ಉಗುಳಲು ಶುರುಮಾಡುವಷ್ಟರಲ್ಲಿ 8.1 ಕೋಟಿ ಡಾಲರ್ ಮನಿಲಾದ ಬ್ಯಾಂಕೊಂದರ ಖಾತೆಗಳಿಗೆ ಸೇರಿತ್ತು. ಶ್ರೀಲಂಕಾಕ್ಕೆ ಹೊರಟಿದ್ದ ಇನ್ನೆರಡು ಕೋಟಿ, ಪಡೆಯುವ ಸಂಸ್ಥೆಯ ಹೆಸರಿನಲ್ಲಿ ಕಳ್ಳರು ಮಾಡಿದ ಕಾಗುಣಿತದ ತಪ್ಪಿನಿಂದ ಸಿಕ್ಕಿಬಿತ್ತು.

ಢಾಕಾದಲ್ಲಿ ಸಿಕ್ಕ ಕುತಂತ್ರಾಂಶವನ್ನೂ ವಿಯೆಟ್ನಾಮಿನದನ್ನೂ ಪಕ್ಕಪಕ್ಕ ಇಟ್ಟು ನೋಡಿದ ತಜ್ಞರು ಎರಡೂ ಒಂದೇ ಕೈಯ ಕೆಲಸವೆಂದರು. ಸಂದೇಶ ಕಳಿಸು, ದಾಖಲೆ ಮರೆಮಾಡು ಎಂಬುದೇ ಎರಡರಲ್ಲೂ ನಡೆದಿತ್ತು. ಈಕ್ವೆಡಾರ್ ಮತ್ತು ವಿಯೆಟ್ನಾಮಿನ ಕತೆಗಳು ಜಗತ್ತಿಗೆ ಗೊತ್ತಾದದ್ದು 2016ರ ಮೇ ತಿಂಗಳಲ್ಲಿ, ಢಾಕಾದ ಹಣ ಹೋಗಿ ಮೂರು ತಿಂಗಳ ಮೇಲೆ. ಮೊದಲೇ ಹೇಳಿದ್ದರೆ ಢಾಕಾ ಉಳಿಯುತ್ತಿತ್ತು ಎಂದು ಪ್ರಮಾಣ ಮಾಡಿ ಹೇಳಲಾಗದು. ಕೆಟ್ಟ ಪ್ರಿಂಟರಿನ ಮುಂದೆ ನಿಂತಿದ್ದವರಿಗೆ ಅನುಮಾನ ಪಡಲು ಒಂದು ಕಾರಣವಾದರೂ ಇರುತ್ತಿತ್ತು ಎಂದಷ್ಟೇ ಹೇಳಬಹುದು.

ಸೈಬರ್ ಘಟನೆಯನ್ನು ರಾಷ್ಟ್ರೀಯ ಪ್ರಾಧಿಕಾರಕ್ಕೆ ಯಾಕೆ ತಿಳಿಸಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ‘ಕಾನೂನು ಹೇಳುತ್ತದೆ’. ಅದೂ ನಿಜವೇ, ಅದಕ್ಕೆ ಆಮೇಲೆ ಬರೋಣ. ನಿಜವಾದ ಕಾರಣ ಮೇಲಿನ ಮೂರು ಬ್ಯಾಂಕುಗಳಲ್ಲಿದೆ. ಕನ್ನ ಬಿದ್ದ ಸಂಸ್ಥೆಗೆ ಅದು ಮುಗಿದುಹೋದ ನಷ್ಟ, ಮುಂದೆ ಸರದಿಯಲ್ಲಿರುವ ಸಂಸ್ಥೆಗೆ ಅದೇ ಮುನ್ಸೂಚನೆ. ಹೆಂಚು ಸರಿಸಿ ಇಳಿದ ಕಳ್ಳನ ಸುದ್ದಿಯನ್ನು ಮರ್ಯಾದೆಗೆ ಅಂಜಿ ಮನೆಯವರು ನುಂಗಿಕೊಂಡರೆ, ಅದೇ ಕೇರಿಯ ಉಳಿದ ಹೆಂಚಿನ ಮನೆಗಳು ಕದಕ್ಕೆ ಎರಡು ಬೀಗ ಹಾಕಿ ನೆಮ್ಮದಿಯಿಂದ ಮಲಗಿರುತ್ತವೆ.

ಒಂದು ವರದಿಯಿಂದ ಏನೇನು ಸಿಗುತ್ತದೆ

ನಮ್ಮಲ್ಲಿ ಈ ಕೆಲಸಕ್ಕಿರುವ ಸಂಸ್ಥೆ ಸರ್ಟ್-ಇನ್, ಅಂದರೆ ಭಾರತದ ಕಂಪ್ಯೂಟರ್ ತುರ್ತು ಸ್ಪಂದನ ತಂಡ. 2004ರಲ್ಲಿ ಶುರುವಾಯಿತು, ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯದ ಕೆಳಗಿದೆ, ಅಧಿಕಾರ ಬಂದಿರುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ಕಲಮಿನಿಂದ. ಇದು ಪೊಲೀಸ್ ಠಾಣೆಯಲ್ಲ. ಕಳ್ಳನನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ, ಕಳ್ಳ ಬಂದ ದಾರಿಯನ್ನು ಮುಚ್ಚುವುದು ಇದರ ಕೆಲಸ.

ವರದಿಯಲ್ಲಿ ಇವರಿಗೆ ಬೇಕಾಗುವುದು ಸಂಸ್ಥೆಯ ಗುಟ್ಟುಗಳಲ್ಲ, ಸಣ್ಣ ಸಣ್ಣ ಕುರುಹುಗಳು. ಕುತಂತ್ರಾಂಶ ಯಾವ ಐಪಿ ವಿಳಾಸದ ಜೊತೆ ಮಾತಾಡುತ್ತಿತ್ತು. ನಂಬಿಸಿ ಮೋಸ ಮಾಡುವ ಫಿಶಿಂಗ್ ಮೇಲ್ ಯಾವ ವಿಳಾಸದಿಂದ, ಯಾವ ವಿಷಯದ ಸಾಲು ಹೊತ್ತು ಬಂತು. ದುಷ್ಟ ಫೈಲಿನ ಹ್ಯಾಶ್ ಏನು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು. ಹೆಚ್ಚಾಗಿ 64 ಅಕ್ಷರ-ಅಂಕಿಗಳ ಒಂದು ಸಾಲು, ಫೈಲಿನ ಹೆಸರು ಬದಲಿಸಿದರೂ ಇದು ಬದಲಾಗದು. ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಸಿಕ್ಕ ಆ ಸಾಲನ್ನು ಕೊಯಮತ್ತೂರಿನ ಕಂಪನಿ ತನ್ನ ಸರ್ವರುಗಳಲ್ಲಿ ಹುಡುಕಬಹುದು. ಹುಡುಕಲು ಹುಬ್ಬಳ್ಳಿಯ ಕಂಪನಿಯ ಹೆಸರು ಬೇಕಾಗಿಲ್ಲ. ಹೆಸರು ಬಿಟ್ಟು ಕುರುಹನ್ನಷ್ಟೇ ದಾಟಿಸುವ ಈ ಕೆಲಸವನ್ನು ಯಾರಾದರೂ ನಡುವೆ ಕೂತು ಮಾಡಬೇಕು. ಆಂಟಿವೈರಸ್ ಕಂಪನಿ ತನ್ನ ಗ್ರಾಹಕರಿಗೆ ಮಾಡುತ್ತದೆ, ಪಕ್ಕದ ಕಂಪನಿಯ ಗ್ರಾಹಕರಿಗೆ ಮಾಡುವುದಿಲ್ಲ.

ನಡುವೆ ಕೂತವರಿಗೆ ಇನ್ನೂ ಒಂದು ಲಾಭವಿದೆ. ಒಂದೇ ವಾರದಲ್ಲಿ ಐದು ಆಸ್ಪತ್ರೆಗಳಿಂದ ಒಂದೇ ಬಗೆಯ ದೂರು ಬಂದರೆ, ಅದು ಐದು ಘಟನೆಯೋ ಒಂದು ದಾಳಿಯೋ ಎಂಬುದು ಅವರಿಗೆ ಮಾತ್ರ ಕಾಣುತ್ತದೆ. ದಾಳಿಯ ಸರ್ವರ್ ಬೇರೆ ದೇಶದಲ್ಲಿದ್ದರೆ ಅಲ್ಲಿನ ಸರ್ಟ್ ಜೊತೆ ನೇರ ಮಾತಾಡುವ ದಾರಿಯೂ ಅವರಿಗಿದೆ. ಸಣ್ಣ ಕಂಪನಿಯೊಂದು ರೊಮೇನಿಯಾದ ಹೋಸ್ಟಿಂಗ್‌ನವರಿಗೆ ಮೇಲ್ ಮಾಡಿದರೆ ಉತ್ತರ ಬಂದೀತೆಂಬ ನಂಬಿಕೆ ನನಗಂತೂ ಇಲ್ಲ.

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ, ಫೈಲುಗಳಿಗೆ ಬೀಗ ಜಡಿದು ಬಿಡಿಸಲು ಹಣ ಕೇಳುವ ರ‍್ಯಾನ್ಸಮ್‌ವೇರ್ ಬಡಿಯಿತು. ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಡೇಟಾ ಬೀಗ ಬಿದ್ದಂತಾಯಿತು. ಒಪಿಡಿ ನೋಂದಣಿಯಿಂದ ಲ್ಯಾಬ್ ರಿಪೋರ್ಟಿನವರೆಗೆ ದಿನಗಟ್ಟಲೆ ಎಲ್ಲವೂ ಕೈಬರಹದಲ್ಲಿ ನಡೆಯಿತು. ಸರ್ಟ್-ಇನ್ ಪರಿಶೀಲಿಸಿ, ನೆಟ್‌ವರ್ಕನ್ನು ಸರಿಯಾಗಿ ವಿಭಾಗ ಮಾಡದೇ ಇದ್ದದ್ದು ಕಾರಣವೆಂದಿತು. ಒಂದು ಮೂಲೆಯಲ್ಲಿ ಒಳಹೊಕ್ಕವರು ಇಡೀ ಕಟ್ಟಡ ಅಡ್ಡಾಡುವಂತಿತ್ತು. ಏಮ್ಸ್‌ಗೆ ಇದು ತಡವಾಗಿ ಬಂದ ಜ್ಞಾನ. ಆದರೆ ಆಮೇಲೆ ದೇಶದ ಆರೋಗ್ಯ ಸಂಸ್ಥೆಗಳಿಗಾಗಿ ಪ್ರತ್ಯೇಕ ಸುರಕ್ಷತಾ ಸಲಹೆ ಹೊರಟಿತು.

ಬೇಗ ಹೇಳಿದವರಿಂದ ಎಷ್ಟು ದೊಡ್ಡ ಗಂಟು ಬಿಚ್ಚಬಹುದು ಎಂಬುದಕ್ಕೆ 2020ರ ಡಿಸೆಂಬರ್ ನೋಡಬೇಕು. ಅಮೆರಿಕದ ಫೈರ್‌ಐ ಸ್ವತಃ ಸೈಬರ್ ಭದ್ರತೆಯ ಕಂಪನಿ. ಅಲ್ಲಿನ ಒಬ್ಬ ಉದ್ಯೋಗಿಯ ಖಾತೆಗೆ ಎರಡನೆಯ ಫೋನೊಂದು ನೋಂದಣಿಯಾದದ್ದು ಭದ್ರತಾ ತಂಡದ ಕಣ್ಣಿಗೆ ಬಿತ್ತು. ಇದು ನಿಮ್ಮದೇ ಫೋನಾ ಎಂದು ಕೇಳಿದರು. ಅಲ್ಲ ಎಂದ. ಆ ಎಳೆ ಹಿಡಿದು ಹೋದಾಗ ಸೋಲಾರ್‌ವಿಂಡ್ಸ್ ಎಂಬ ಬೇರೆ ಕಂಪನಿಯ ಸಾಫ್ಟ್‌ವೇರ್ ಅಪ್‌ಡೇಟಿನ ಒಳಗೇ ವಿಷ ಬೆರೆತಿರುವುದು ತಿಳಿಯಿತು. ಆ ಅಪ್‌ಡೇಟ್ ಸುಮಾರು 18,000 ಕಡೆ ಹೋಗಿತ್ತು, ಅಮೆರಿಕದ ಖಜಾನೆ ಇಲಾಖೆಯೂ ಸೇರಿ. ಭದ್ರತೆ ಮಾರುವ ಕಂಪನಿಯೇ ತನ್ನ ಮನೆಗೆ ಕನ್ನ ಬಿತ್ತೆಂದು ಒಪ್ಪಿಕೊಳ್ಳುವುದು ಸಣ್ಣ ಮುಜುಗರವಲ್ಲ. ಎಳೆ ಕೈಗೆ ಸಿಕ್ಕಿದ್ದು ಅವರು ಒಪ್ಪಿಕೊಂಡದ್ದರಿಂದಲೇ. ಎರಡು ವರ್ಷದೊಳಗೆ ಅಮೆರಿಕ ಇಂಥ ವರದಿಗೆ ಕಾಯ್ದೆಯನ್ನೇ ತಂದಿತು.

ಹೇಳಿಕೊಳ್ಳಲು ಏನಡ್ಡಿ?

ಮಾಲೀಕರ ಭಯವನ್ನು ತಳ್ಳಿಹಾಕುವಂತಿಲ್ಲ. ಸುದ್ದಿ ಹೊರಬಿದ್ದರೆ ಗ್ರಾಹಕ ಹೋಗುತ್ತಾನೆ, ಟೆಂಡರ್ ಕೈತಪ್ಪುತ್ತದೆ, ಅಧಿಕಾರಿಗಳು ಬಂದು ಸರ್ವರನ್ನೇ ಹೊತ್ತೊಯ್ಯುತ್ತಾರೆ ಎಂಬ ಆತಂಕ. ಹೀಗಾಗಿ ಐಟಿ ನೋಡಿಕೊಳ್ಳುವ ಹುಡುಗನನ್ನು ಕರೆಸಿ, ಎಲ್ಲ ಫಾರ್ಮ್ಯಾಟ್ ಹೊಡೆಸಿ, ಬ್ಯಾಕಪ್ ಹಾಕಿಸಿ, ಯಾರಿಗೂ ಹೇಳಬೇಡ ಎಂದು ಕೈತೊಳೆದುಕೊಳ್ಳುವುದು ನಮ್ಮಲ್ಲಿ ಬಹಳ ಕಡೆ ನಡೆದುಬಂದಿರುವ ಪದ್ಧತಿ. ಫಾರ್ಮ್ಯಾಟ್ ಹೊಡೆದಾಗ ಸಾಕ್ಷಿಯೆಲ್ಲ ಅಳಿಯುತ್ತದೆ, ಕಳ್ಳ ಬಂದ ಬಾಗಿಲು ಮಾತ್ರ ತೆರೆದೇ ಉಳಿಯುತ್ತದೆ.

ಮುಚ್ಚಿಟ್ಟು ಬಚಾವಾಗುವ ಲೆಕ್ಕ ದೊಡ್ಡವರಿಗೂ ತಪ್ಪಿದೆ. 2016ರಲ್ಲಿ ಊಬರ್‌ನಿಂದ 5.7 ಕೋಟಿ ಸವಾರರ ಮತ್ತು ಚಾಲಕರ ಮಾಹಿತಿ ಕದ್ದ ಇಬ್ಬರಿಗೆ ಕಂಪನಿ ಒಂದು ಲಕ್ಷ ಡಾಲರ್ ಕೊಟ್ಟು, ಅದನ್ನು ದೋಷ ಹುಡುಕಿಕೊಟ್ಟದ್ದಕ್ಕೆ ಬಹುಮಾನ ಎಂದು ಲೆಕ್ಕ ಬರೆಯಿತು. ಅದೇ ಡಿಸೆಂಬರಿನಲ್ಲಿ ಅದೇ ಇಬ್ಬರು ಲಿಂಕ್ಡ್‌ಇನ್ ಒಡೆತನದ ಲಿಂಡಾ ಎಂಬ ಕಲಿಕಾ ತಾಣವನ್ನು ಅದೇ ರೀತಿ ಬೆದರಿಸಿದರು. ಊಬರ್‌ನ ಭದ್ರತಾ ಮುಖ್ಯಸ್ಥನನ್ನು 2022ರ ಅಕ್ಟೋಬರಿನಲ್ಲಿ ಅಮೆರಿಕದ ಕೋರ್ಟು ತಪ್ಪಿತಸ್ಥ ಎಂದಿತು. ಕಳ್ಳತನ ಆಗಗೊಟ್ಟಿದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ.

ಹೈವ್ ಎಂಬ ರ‍್ಯಾನ್ಸಮ್‌ವೇರ್ ಗುಂಪಿನ ಕತೆ ಇನ್ನೂ ಕಣ್ಣು ತೆರೆಸುವಂಥದ್ದು. 2022ರ ಜುಲೈನಿಂದ ಏಳು ತಿಂಗಳ ಕಾಲ ಎಫ್‌ಬಿಐ ಆ ಗುಂಪಿನ ಜಾಲದೊಳಗೆ ಸದ್ದಿಲ್ಲದೆ ಕೂತಿತ್ತು. ಬೀಗ ತೆರೆಯುವ ಕೀಗಳನ್ನು ಕದ್ದು, ದಾಳಿಗೆ ಒಳಗಾದ 300ಕ್ಕೂ ಹೆಚ್ಚು ಸಂಸ್ಥೆಗಳಿಗೆ ಹಂಚಿತು. ಅವರು ಕಟ್ಟಬೇಕಾಗಿದ್ದ 13 ಕೋಟಿ ಡಾಲರ್ ಸುಲಿಗೆ ಹಣ ಉಳಿಯಿತು. 2023ರ ಜನವರಿಯಲ್ಲಿ ಇದನ್ನು ಪ್ರಕಟಿಸುವಾಗ ಎಫ್‌ಬಿಐ ಮುಖ್ಯಸ್ಥರು ಹೇಳಿದ ಒಂದು ಸಂಗತಿ: ಹೈವ್ ಬಲೆಗೆ ಬಿದ್ದವರಲ್ಲಿ ತಾವಾಗಿಯೇ ಪೊಲೀಸರಿಗೆ ತಿಳಿಸಿದವರು ಸುಮಾರು ಶೇ 20 ಮಾತ್ರ. ಕೀಲಿ ಸರ್ಕಾರದ ಕೈಯಲ್ಲಿತ್ತು, ಉಳಿದವರು ಅದನ್ನು ಕೇಳಲೇ ಇಲ್ಲ. ಲಾಕ್‌ಬಿಟ್ ಗುಂಪಿನ ವಿಷಯದಲ್ಲೂ ಹೀಗೇ ಆಯಿತು. ತಮ್ಮ ಬಳಿ 7,000ಕ್ಕೂ ಹೆಚ್ಚು ಕೀಗಳಿವೆ, ಬಲಿಯಾದವರು ಮುಂದೆ ಬನ್ನಿ ಎಂದು 2024ರ ಜೂನ್‌ನಲ್ಲಿ ಎಫ್‌ಬಿಐಯೇ ಕರೆ ಕೊಡಬೇಕಾಯಿತು.

ಆರು ಗಂಟೆಯ ಲೆಕ್ಕ

ಈಗ ಕಾನೂನು. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ, ಘಟನೆ ಗಮನಕ್ಕೆ ಬಂದ ಅಥವಾ ಯಾರಾದರೂ ಗಮನಕ್ಕೆ ತಂದ ಆರು ಗಂಟೆಯೊಳಗೆ ವರದಿಯಾಗಬೇಕು. ಇದು ಬ್ಯಾಂಕು, ಡೇಟಾ ಸೆಂಟರುಗಳಿಗೆ ಮಾತ್ರವಲ್ಲ, ಎಲ್ಲ ಕಂಪನಿಗಳಿಗೂ ಸರ್ಕಾರಿ ಕಚೇರಿಗಳಿಗೂ ಅನ್ವಯ. ಪಾಲಿಸದಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ದಂಡದ ಮಿತಿ ಮೊದಲು ಒಂದು ಲಕ್ಷವಿತ್ತು, 2023ರ ಜನ ವಿಶ್ವಾಸ ಕಾಯ್ದೆ ಅದನ್ನು ಒಂದು ಕೋಟಿಗೆ ಏರಿಸಿತು.

ಆರು ಗಂಟೆ ಎಂದಾಕ್ಷಣ ಉದ್ಯಮದವರು ಹೌಹಾರಿದರು. ಯುರೋಪಿನಲ್ಲಿ ಖಾಸಗಿ ಡೇಟಾ ಸೋರಿಕೆಗೇ 72 ಗಂಟೆ ಕೊಡುತ್ತಾರೆ. ಆರು ಗಂಟೆಯಲ್ಲಿ ಏನಾಗಿದೆ ಎಂದು ನಮಗೇ ಗೊತ್ತಿರುವುದಿಲ್ಲ, ವರದಿ ಏನು ಬರೆಯುವುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಸಣ್ಣ ಉದ್ದಿಮೆಗಳಿಗೆ ತಯಾರಾಗಲು 2022ರ ಸೆಪ್ಟೆಂಬರ್ 25ರವರೆಗೆ ಸಮಯವನ್ನೂ ಕೊಟ್ಟರು. ಆದರೆ ಈ ಗಾಬರಿಯ ಅರ್ಧ ಭಾಗ ವರದಿ ಎಂದರೆ ಏನೆಂಬ ತಪ್ಪು ತಿಳಿವಳಿಕೆಯಿಂದ ಬಂದದ್ದು. ಆರು ಗಂಟೆಯಲ್ಲಿ ಕೊಡಬೇಕಾದದ್ದು ಆ ಹೊತ್ತಿಗೆ ಕೈಯಲ್ಲಿರುವಷ್ಟು ಮಾಹಿತಿ. ಉಳಿದದ್ದನ್ನು ಆಮೇಲೆ ಕೊಡಬಹುದೆಂದು ಸರ್ಟ್-ಇನ್ ತನ್ನ ಪ್ರಶ್ನೋತ್ತರದಲ್ಲೇ ಹೇಳಿದೆ. ಬಂದ ಪ್ರತಿಯೊಂದು ಸ್ಪ್ಯಾಮ್ ಮೇಲಿಗೂ ಈ ಓಟ ಬೇಕಿಲ್ಲ. ಸರ್ವರಿಗೆ ನುಗ್ಗುವುದು, ಡೇಟಾ ಸೋರುವುದು, ರ‍್ಯಾನ್ಸಮ್‌ವೇರ್, ಸೇವೆಯೇ ನಿಂತುಹೋಗುವಂಥ ದಾಳಿ, ಇಂಥ ಗಂಭೀರ ಘಟನೆಗಳಿಗೆ ಈ ಗಡುವು.

ಹಾಗಾದರೆ ಮೊದಲ ಮೇಲ್ ಹೇಗಿರಬಹುದು? ಇಷ್ಟು ಸಾಕು:

‘ಇಂದು ಬೆಳಿಗ್ಗೆ 8:40ಕ್ಕೆ ನಮ್ಮ ಫೈಲ್ ಸರ್ವರಿನ ಫೈಲುಗಳು ತೆರೆಯುತ್ತಿಲ್ಲವೆಂದು ಅಕೌಂಟ್ಸ್ ವಿಭಾಗದವರು ತಿಳಿಸಿದರು. ಪ್ರತಿ ಫೋಲ್ಡರಿನಲ್ಲೂ ಹಣ ಕೇಳುವ ಟೆಕ್ಸ್ಟ್ ಫೈಲ್ ಇದೆ, ಅದರ ಪ್ರತಿ ಲಗತ್ತಿಸಿದ್ದೇವೆ. 9:05ಕ್ಕೆ ಸರ್ವರಿನ ನೆಟ್‌ವರ್ಕ್ ಕೇಬಲ್ ತೆಗೆದಿದ್ದೇವೆ, ಪವರ್ ಆಫ್ ಮಾಡಿಲ್ಲ. ಬಿಲ್ಲಿಂಗ್ ಮತ್ತು ಸಂಬಳದ ಡೇಟಾ ಅದರಲ್ಲಿತ್ತು. ಒಳಗೆ ಬಂದ ದಾರಿ ಇನ್ನೂ ತಿಳಿದಿಲ್ಲ. ಫೈರ್‌ವಾಲ್ ಲಾಗ್ ತೆಗೆದಿಟ್ಟಿದ್ದೇವೆ. ಹೆಚ್ಚಿನ ವಿವರ ಸಿಕ್ಕಂತೆ ಕಳಿಸುತ್ತೇವೆ.’

ಕೆಳಗೆ ಮಾತಾಡಬಲ್ಲ ಒಬ್ಬರ ಹೆಸರು, ಮೊಬೈಲ್ ನಂಬರ್. ಫೈರ್‌ವಾಲ್ ಎಂದರೆ ನೆಟ್‌ವರ್ಕಿನ ಬಾಗಿಲು ಕಾಯುವ ಸಾಧನ, ಲಾಗ್ ಎಂದರೆ ಯಾವಾಗ ಏನಾಯಿತೆಂದು ಯಂತ್ರ ತಾನೇ ಬರೆದಿಡುವ ದಿನಚರಿ. ‘ಇನ್ನೂ ತಿಳಿದಿಲ್ಲ’ ಎಂದು ಬರೆಯಲು ನಾಚಿಕೆ ಬೇಡ. ಪವರ್ ಆಫ್ ಮಾಡಿಲ್ಲ ಎಂಬ ಮಾತನ್ನು ಮಾತ್ರ ಗಮನಿಸಿ. ಸರ್ವರ್ ಆರಿಸಿದರೆ ಮೆಮೊರಿಯಲ್ಲಿ ಉಳಿದಿರಬಹುದಾದ ಕುರುಹುಗಳು, ಅದೃಷ್ಟವಿದ್ದರೆ ಬೀಗದ ಕೀ ಕೂಡ, ಅಳಿಸಿಹೋಗುತ್ತವೆ. ಕೇಬಲ್ ಕಿತ್ತರೆ ಹರಡುವುದು ನಿಲ್ಲುತ್ತದೆ, ಸಾಕ್ಷಿ ಉಳಿಯುತ್ತದೆ. ಮೇಲ್, ಟೋಲ್ ಫ್ರೀ ಫೋನ್ ಎರಡೂ ದಾರಿಯಿವೆ, ವಿಳಾಸ ಮತ್ತು ನಂಬರ್ ಸರ್ಟ್-ಇನ್ ಜಾಲತಾಣದಲ್ಲಿವೆ. ಅವನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ, ಬೀಗ ಬಿದ್ದ ಸರ್ವರಿನಲ್ಲಿ ಸೇವ್ ಮಾಡಿಟ್ಟರೆ ಪ್ರಯೋಜನವಿಲ್ಲ.

ಬೇಗ ಹೇಳುವುದಕ್ಕೆ ಬೆಲೆ ಯಾಕೆ ಎಂಬುದು 2024ರ ಜುಲೈ 31ರಂದು ಕಂಡಿತು. ಸಣ್ಣ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಕೊಡುವ ಸಿ-ಎಡ್ಜ್ ಕಂಪನಿಯ ವ್ಯವಸ್ಥೆಗೆ ರ‍್ಯಾನ್ಸಮ್‌ವೇರ್ ತಗುಲಿತು. ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ತಕ್ಷಣ ಆ ಕಂಪನಿಯನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ನಿಂತವು, ಬೈಗುಳವೂ ಬಿದ್ದಿರಬೇಕು. ಮರುದಿನ ಸಂಪರ್ಕ ಮತ್ತೆ ಬಂತು, ದೇಶದ ಉಳಿದ ಪಾವತಿ ವ್ಯವಸ್ಥೆಗೆ ಸೋಂಕು ದಾಟಲಿಲ್ಲ. ಯಾರೋ ಎರಡು ದಿನ ‘ನೋಡೋಣ, ಸರಿಹೋಗಬಹುದು’ ಎಂದು ಕೂತಿದ್ದರೆ ಬೇರ್ಪಡಿಸುವ ಮಾತೇ ಇರುತ್ತಿರಲಿಲ್ಲ. ನಮ್ಮ ತಾಲ್ಲೂಕು ಕೇಂದ್ರಗಳ ಎಷ್ಟೋ ಸಹಕಾರಿ ಬ್ಯಾಂಕುಗಳೂ ಇಂಥ ಹಂಚಿಕೆಯ ಸೇವೆಗಳ ಮೇಲೇ ನಿಂತಿವೆ. ‘ಐಟಿ ಎಲ್ಲ ವೆಂಡರ್ ನೋಡ್ಕೋತಾರೆ’ ಎನ್ನುವ ಆಡಳಿತ ಮಂಡಳಿಗಳು ತಿಳಿಯಬೇಕಾದ್ದು: ವೆಂಡರ್ ಜೊತೆ ಒಪ್ಪಂದ ಮಾಡಿಕೊಂಡ ಮಾತ್ರಕ್ಕೆ ವರದಿಯ ಹೊಣೆ ಅವರಿಗೆ ವರ್ಗವಾಗುವುದಿಲ್ಲ.

ಪ್ರಾಧಿಕಾರದ ಕಡೆಯೂ ಬಾಕಿಯಿದೆ

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಸರ್ಟ್-ಇನ್ ಲೆಕ್ಕದಲ್ಲಿ 2019ರಲ್ಲಿ 3.94 ಲಕ್ಷ ಘಟನೆಗಳಿದ್ದವು, 2024ರಲ್ಲಿ 20.41 ಲಕ್ಷ. ಸಂಸತ್ತಿನಲ್ಲಿ ಈ ಮೊತ್ತ ಓದಿ ಹೇಳುತ್ತಾರೆ. ಇಪ್ಪತ್ತು ಲಕ್ಷ ಎಂಬ ಒಂದೇ ಅಂಕಿಯಿಂದ ದಾವಣಗೆರೆಯ ಒಂದು ಆಸ್ಪತ್ರೆ ಏನು ಕಲಿಯಬೇಕು? ಮಾಹಿತಿ ಕೊಟ್ಟವರಿಗೆ ಅದೇ ಕಸುಬಿನ ಬೇರೆಯವರಲ್ಲಿ ಏನಾಗಿದೆ ಎಂಬ ಪಾಠ ಹಿಂದಿರುಗಿ ಬರಬೇಕು, ಹೆಸರಿಲ್ಲದೆಯೇ ಆಗಲಿ, ವಿವರವಾಗಿ. 2023ರ ನವೆಂಬರಿನಲ್ಲಿ ಸರ್ಟ್-ಇನ್ ಅನ್ನು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದಲೇ ಹೊರಗಿಟ್ಟರು. ದೂರು ಕೊಟ್ಟ ಕಂಪನಿಯ ಗುಟ್ಟು ಬಯಲಾಗದು ಎಂಬ ಸಮಾಧಾನ ಇದರಿಂದ ಸಿಗಬಹುದು. ಆದರೆ ದೂರು ಕೊಟ್ಟ ಮೇಲೆ ಏನು ಮಾಡಿದಿರಿ ಎಂದು ಸಾರ್ವಜನಿಕರು ಕೇಳುವ ದಾರಿಯೂ ಮುಚ್ಚಿತು. ನನ್ನ ಮಟ್ಟಿಗೆ ಇದು ಲಾಭಕ್ಕಿಂತ ನಷ್ಟ.

ಪ್ರಾಧಿಕಾರದ ಹಿತವೂ ಸಂತ್ರಸ್ತರ ಹಿತವೂ ಯಾವಾಗಲೂ ಒಂದೇ ಆಗಿರುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ. 2021ರ ಜುಲೈನಲ್ಲಿ ಕಸೇಯಾ ಎಂಬ ಕಂಪನಿಯ ಸಾಫ್ಟ್‌ವೇರ್ ಮೂಲಕ ನೂರಾರು ಸಣ್ಣ ಉದ್ದಿಮೆಗಳಿಗೆ ರ‍್ಯಾನ್ಸಮ್‌ವೇರ್ ಹರಡಿದಾಗ, ಎಫ್‌ಬಿಐ ಕೈಯಲ್ಲಿ ಕೀ ಇತ್ತು. ಕಳ್ಳರನ್ನು ಹಿಡಿಯುವ ಕಾರ್ಯಾಚರಣೆ ಕೆಡಬಾರದೆಂದು ಸುಮಾರು ಮೂರು ವಾರ ಅದನ್ನು ಹೊರಗೆ ಬಿಡಲಿಲ್ಲ. ಅಷ್ಟರಲ್ಲಿ ಕಳ್ಳರೇ ಮಾಯವಾಗಿದ್ದರು.

ಇನ್ನು ಯಾರಿಗೆಲ್ಲ ಹೇಳಬೇಕು ಎಂಬ ಗೊಂದಲ. ಖಾತೆಯಿಂದ ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಹೋದ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಯತ್ನ ಅಲ್ಲಿಂದ. ಅದು ಸರ್ಟ್-ಇನ್‌ಗೆ ಬದಲಿಯಲ್ಲ, ಇದು ಅದಕ್ಕೆ ಬದಲಿಯಲ್ಲ. ಬ್ಯಾಂಕುಗಳು ರಿಸರ್ವ್ ಬ್ಯಾಂಕಿಗೆ, ಷೇರು ದಲ್ಲಾಳಿಗಳು ಸೆಬಿಗೆ ಬೇರೆಯಾಗಿ ಹೇಳಬೇಕು. ಜನರ ಖಾಸಗಿ ಮಾಹಿತಿ ಸೋರಿದ್ದರೆ ಡೇಟಾ ಸಂರಕ್ಷಣಾ ಮಂಡಳಿಗೂ, ಆ ಜನರಿಗೂ ಹೇಳಬೇಕೆಂದು 2023ರ ಕಾಯ್ದೆ ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಈ ಭಾಗ ಜಾರಿಗೆ ಬರಲು 18 ತಿಂಗಳ ಅವಧಿ ಕೊಟ್ಟಿದ್ದಾರೆ. ಅಲ್ಲಿ ವಿವರವಾದ ವರದಿಗೆ 72 ಗಂಟೆ, ತಿಳಿಸದೆ ಮುಚ್ಚಿಟ್ಟರೆ 200 ಕೋಟಿ ರೂಪಾಯಿವರೆಗೆ ದಂಡ. ಒಂದೇ ಘಟನೆಗೆ ನಾಲ್ಕು ಕಚೇರಿ, ನಾಲ್ಕು ಫಾರಂ, ನಾಲ್ಕು ಗಡುವು. ಬೆಂಕಿ ಹತ್ತಿದಾಗ ನೀರು ಹಾಕುವುದೋ ಅರ್ಜಿ ತುಂಬುವುದೋ ಎಂದು ಐಟಿಯವರು ಗೊಣಗುವುದರಲ್ಲಿ ತಪ್ಪಿಲ್ಲ. ಒಂದೇ ಫಾರಂ ಎಲ್ಲ ಕಡೆ ಹೋಗುವಂತೆ ಮಾಡುವುದು ಸರ್ಕಾರಕ್ಕೆ ಕಷ್ಟದ ಕೆಲಸವಲ್ಲ.

ಕೊನೆಗೆ ಲಾಗ್ ವಿಷಯ. 2022ರ ನಿರ್ದೇಶನ 180 ದಿನಗಳ ಲಾಗ್ ಇಟ್ಟಿರಬೇಕೆನ್ನುತ್ತದೆ, ಎಲ್ಲ ಕಂಪ್ಯೂಟರುಗಳ ಗಡಿಯಾರವನ್ನು ಸರ್ಕಾರಿ ಟೈಮ್ ಸರ್ವರಿಗೆ ಹೊಂದಿಸಿರಬೇಕೆನ್ನುತ್ತದೆ. ಗಡಿಯಾರದ ಮಾತು ಓದಿ ನಕ್ಕವರಿದ್ದಾರೆ. ಫೈರ್‌ವಾಲ್ ಪ್ರಕಾರ ಕಳ್ಳ 2:10ಕ್ಕೆ ಬಂದ, ಸರ್ವರ್ ಪ್ರಕಾರ 1:50ಕ್ಕೇ ಫೈಲ್ ಕದ್ದ ಎಂದಾದಾಗ ನಗು ನಿಲ್ಲುತ್ತದೆ. ಕಳ್ಳರು ಒಳಗೆ ಬಂದು ವಾರಗಟ್ಟಲೆ, ತಿಂಗಳುಗಟ್ಟಲೆ ಸುಮ್ಮನೆ ಇರುವುದುಂಟು. ಏಳೇ ದಿನದ ಲಾಗ್ ಉಳಿಸಿಕೊಳ್ಳುವ ಡಬ್ಬಿಯಲ್ಲಿ ಅವರು ಬಂದ ದಿನವೇ ಇರುವುದಿಲ್ಲ. ನಿಮ್ಮ ಕಚೇರಿಯ ಐಟಿಯವರನ್ನು ಕೇಳಿ ನೋಡಿ: ನಮ್ಮ ಫೈರ್‌ವಾಲಿನಲ್ಲಿ ಅತಿ ಹಳೆಯ ಲಾಗ್ ಯಾವ ದಿನಾಂಕದ್ದು?